ಅಳಿಸಿಹೋದ ಕಡತಗಳ ಮರುಪಡೆಯುವಿಕೆ

ಅಳಿಸಿಹೋದ ಕಡತಗಳ ಮರುಪಡೆಯುವಿಕೆ ಎಂದರೆ ಪೆನ್ ಡ್ರೈವ್, ಮೆಮೊರಿ ಕಾರ್ಡ್, ಬಾಹ್ಯ ಹಾರ್ಡ್ ಡಿಸ್ಕ್ ಮುಂತಾದ ಒಯ್ಯಬಹುದಾದ ಸಂಗ್ರಹ ಸಾಧನಗಳಿಂದ ಕೈತಪ್ಪಿ ಅಳಿಸಿದ ಕಡತಗಳನ್ನು ತಂತ್ರಾಂಶಗಳ ನೆರವಿನಿಂದ ಮತ್ತೆ ಪಡೆಯುವ ಪ್ರಕ್ರಿಯೆ. ಬಹುತೇಕ ಸಾಧನಗಳಲ್ಲಿ ಅಳಿಸುವ ಆದೇಶವು ಕಡತದ ವಿಳಾಸವನ್ನು ಮಾತ್ರ ರದ್ದುಪಡಿಸುತ್ತದೆ. ಕಡತದೊಳಗಿನ ದತ್ತಾಂಶ ಕೂಡಲೇ ನಾಶವಾಗುವುದಿಲ್ಲ. ಆ ಸ್ಥಳದಲ್ಲಿ ಬೇರೆ ದತ್ತಾಂಶ ಬರೆಯಲ್ಪಡುವವರೆಗೆ ಕಡತವನ್ನು ಮರುಪಡೆಯುವ ಸಾಧ್ಯತೆ ಉಳಿದಿರುತ್ತದೆ. ಆದುದರಿಂದ ಕಡತ ಅಳಿಸಿಹೋದ ಮೇಲೆ ಬಳಕೆದಾರರು ಮೊದಲು ಮಾಡುವ ಕೆಲಸವೇ ಅನೇಕ ವೇಳೆ ಫಲಿತಾಂಶವನ್ನು ನಿರ್ಧರಿಸುತ್ತದೆ.

ಹಿನ್ನೆಲೆ

ಅಳಿಸಿದ ಕಡತವನ್ನು ಹಿಂಪಡೆಯುವ ಪ್ರಯತ್ನಗಳು ಪೆನ್ ಡ್ರೈವ್‌ಗಿಂತ ಹಳೆಯವು. 1982ರಲ್ಲಿ ಅಮೆರಿಕದ ಪೀಟರ್ ನಾರ್ಟನ್ ಹೊರತಂದ ‘ನಾರ್ಟನ್ ಯುಟಿಲಿಟೀಸ್’ ತಂತ್ರಾಂಶದ ಮುಖ್ಯ ಆಕರ್ಷಣೆ ‘ಅನ್‌ಇರೇಸ್’ ಎಂಬ ಸೌಲಭ್ಯವಾಗಿತ್ತು. 1991ರಲ್ಲಿ ಬಿಡುಗಡೆಯಾದ ಎಮ್‌ಎಸ್-ಡಾಸ್ 5ನೆಯ ಆವೃತ್ತಿಯಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ‘ಅನ್‌ಡಿಲೀಟ್’ ಎಂಬ ಆದೇಶವನ್ನು ಸೇರಿಸಿತು.

ಪೆನ್ ಡ್ರೈವ್‌ಗಳಲ್ಲಿ ಬಳಸುವ ಫ್ಲ್ಯಾಶ್ ಮೆಮೊರಿಯನ್ನು 1980ರ ದಶಕದಲ್ಲಿ ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುವೊಕಾ ಅಭಿವೃದ್ಧಿಪಡಿಸಿದರು. 2000ನೇ ಇಸವಿಯಲ್ಲಿ ಯುಎಸ್‌ಬಿ ಪೆನ್ ಡ್ರೈವ್‌ಗಳು ಮಾರುಕಟ್ಟೆಗೆ ಬಂದವು. ಆರಂಭದ ಡ್ರೈವ್‌ಗಳ ಸಾಮರ್ಥ್ಯ ಕೇವಲ 8 ಮೆಗಾಬೈಟ್. ಆದರೂ ಅದು 1.44 ಮೆಗಾಬೈಟಿನ ಫ್ಲಾಪಿಗಿಂತ ಐದು ಪಟ್ಟು ಹೆಚ್ಚು. ಸಾಮರ್ಥ್ಯ ಹೆಚ್ಚಿದಂತೆಲ್ಲ ಒಂದು ತಪ್ಪು ಆದೇಶದಿಂದ ಕಳೆದುಹೋಗಬಹುದಾದ ಕೆಲಸದ ಪ್ರಮಾಣವೂ ಬೆಳೆಯಿತು.

ಅಳಿಸುವಿಕೆಯ ಕಾರ್ಯವಿಧಾನ

ಪ್ರತಿಯೊಂದು ಸಂಗ್ರಹ ಸಾಧನದಲ್ಲಿಯೂ ಕಡತ ವ್ಯವಸ್ಥೆ ಎಂಬ ಪಟ್ಟಿ ಇರುತ್ತದೆ. ಯಾವ ಕಡತದ ಹೆಸರೇನು, ಅದರ ಗಾತ್ರವೆಷ್ಟು, ಅದು ಯಾವ ಸ್ಥಳದಿಂದ ಆರಂಭವಾಗುತ್ತದೆ ಎಂಬ ವಿವರಗಳು ಅಲ್ಲಿರುತ್ತವೆ. ಇದನ್ನು ಶಾಲೆಯ ಹಾಜರಿ ಪುಸ್ತಕಕ್ಕೆ ಹೋಲಿಸಬಹುದು. ಪುಸ್ತಕದಲ್ಲಿ ಹೆಸರು ಹೊಡೆದುಹಾಕಿದ ಮಾತ್ರಕ್ಕೆ ವಿದ್ಯಾರ್ಥಿಯು ಬೆಂಚಿನಿಂದ ಮಾಯವಾಗುವುದಿಲ್ಲ; ಆ ಸ್ಥಳವನ್ನು ಇನ್ನೊಬ್ಬರಿಗೆ ಕೊಡಬಹುದೆಂದು ಮಾತ್ರ ಅದರ ಅರ್ಥ.

ಪೆನ್ ಡ್ರೈವ್‌ಗಳಲ್ಲಿ ಸಾಮಾನ್ಯವಾದ ‘ಫ್ಯಾಟ್’ ವ್ಯವಸ್ಥೆಯಲ್ಲಿ, ಅಳಿಸಿದ ಕಡತದ ನಮೂದಿನ ಮೊದಲ ಬೈಟನ್ನು 229 ಎಂಬ ಸಂಖ್ಯೆಯಾಗಿ ಬದಲಾಯಿಸಲಾಗುತ್ತದೆ. ಜೊತೆಗೆ ಕಡತದ ತುಣುಕುಗಳು ಎಲ್ಲೆಲ್ಲಿವೆ ಎಂದು ತೋರಿಸುವ ಸರಪಣಿಯೂ ಅಳಿಯುತ್ತದೆ. ಈ ಕಾರಣದಿಂದಲೇ ಡಾಸ್ ಕಾಲದ ತಂತ್ರಾಂಶಗಳು ಕಳೆದುಹೋದ ಹೆಸರಿನ ಮೊದಲ ಅಕ್ಷರವನ್ನು ಬಳಕೆದಾರರಿಂದ ಕೇಳಿ ತಿಳಿಯುತ್ತಿದ್ದವು. ‘ಎಕ್ಸ್‌ಫ್ಯಾಟ್’ ವ್ಯವಸ್ಥೆಯಲ್ಲಿ ನಮೂದು ಬಳಕೆಯಲ್ಲಿದೆಯೆಂದು ಸೂಚಿಸುವ ಒಂದು ಬಿಟ್ ಮಾತ್ರ ಬದಲಾಗುತ್ತದೆ. ‘ಎನ್‌ಟಿಎಫ್‌ಎಸ್’ ವ್ಯವಸ್ಥೆಯಲ್ಲಿಯೂ ಮುಖ್ಯ ಕಡತ ಪಟ್ಟಿಯಲ್ಲಿನ ದಾಖಲೆಯನ್ನು ‘ಬಳಕೆಯಲ್ಲಿಲ್ಲ’ ಎಂದು ಗುರುತಿಸಲಾಗುತ್ತದೆ. ದಾಖಲೆಯ ಉಳಿದ ವಿವರಗಳು ಕೆಲಕಾಲ ಹಾಗೆಯೇ ಇರುತ್ತವೆ.

ವಿಂಡೋಸ್‌ನಲ್ಲಿ ಪೆನ್ ಡ್ರೈವ್‌ನಿಂದ ಅಳಿಸಿದ ಕಡತಗಳು ಸಾಮಾನ್ಯವಾಗಿ ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ, ನೇರವಾಗಿ ಅಳಿಸಲ್ಪಡುತ್ತವೆ. ಬಾಹ್ಯ ಹಾರ್ಡ್ ಡಿಸ್ಕ್‌ಗಳಿಗೆ ಮಾತ್ರ ಈ ಸೌಲಭ್ಯ ಸಾಮಾನ್ಯವಾಗಿ ದೊರೆಯುತ್ತದೆ. ಮ್ಯಾಕ್ ಮತ್ತು ಲಿನಕ್ಸ್ ಗಣಕಗಳಲ್ಲಿ ಕಡತವು ಅದೇ ಡ್ರೈವಿನಲ್ಲಿರುವ ಅಡಗಿದ ಕಸದಬುಟ್ಟಿಯ ಕಡತಕೋಶಕ್ಕೆ ಸೇರುವುದರಿಂದ ಅಲ್ಲಿ ಮೊದಲು ಹುಡುಕುವುದು ಸೂಕ್ತ.

ಅಡಗಿದ ಕಡತಗಳು

ಕಾಣದ ಕಡತವೆಲ್ಲ ಅಳಿಸಿಹೋದ ಕಡತವಲ್ಲ. ಪೆನ್ ಡ್ರೈವ್ ಮೂಲಕ ಹರಡುವ ‘ಶಾರ್ಟ್‌ಕಟ್ ವೈರಸ್’ಗಳು ಮೂಲ ಕಡತಗಳನ್ನು ಅಡಗಿಸಿ, ಅವುಗಳ ಸ್ಥಾನದಲ್ಲಿ ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಇರಿಸುತ್ತವೆ. ಡ್ರೈವಿನಲ್ಲಿ ಕಡತಗಳು ಕಾಣದಿದ್ದರೂ ಬಳಕೆಯಾದ ಸ್ಥಳದ ಪ್ರಮಾಣ ಹಿಂದಿನಷ್ಟೇ ಇದ್ದರೆ ಈ ಸಂಶಯಕ್ಕೆ ಆಸ್ಪದವಿದೆ. ಇಂತಹ ಸಂದರ್ಭದಲ್ಲಿ ಶಾರ್ಟ್‌ಕಟ್‌ಗಳನ್ನು ತೆರೆಯದೆ, ವೈರಸ್ ನಿರೋಧಕದಿಂದ ತಪಾಸಣೆ ನಡೆಸಿ, ಅಡಗಿದ ಕಡತಗಳನ್ನು ತೋರಿಸುವ ಆಯ್ಕೆಯನ್ನು ಬಳಸಿದರೆ ಕಡತಗಳು ದೊರೆಯುತ್ತವೆ.

ಮರುಪಡೆಯುವ ಕ್ರಮ

ಕಡತ ಅಳಿಸಿಹೋದುದು ತಿಳಿದ ಕೂಡಲೇ ಅನುಸರಿಸಬೇಕಾದ ಕ್ರಮ ಹೀಗಿದೆ.

1. ಸಾಧನದ ಬಳಕೆಯನ್ನು ನಿಲ್ಲಿಸಿ, ಅದನ್ನು ಸುರಕ್ಷಿತವಾಗಿ ಹೊರತೆಗೆಯಬೇಕು. ಅದಕ್ಕೆ ಹೊಸ ಕಡತ ಸೇರಿಸುವುದಾಗಲಿ, ಕ್ಯಾಮೆರಾದಲ್ಲಿ ಅದೇ ಕಾರ್ಡ್ ಬಳಸಿ ಚಿತ್ರ ತೆಗೆಯುವುದಾಗಲಿ ಕೂಡದು. ಪೂರ್ಣ ಗಾತ್ರದ ಎಸ್‌ಡಿ ಕಾರ್ಡ್‌ಗಳ ಪಕ್ಕದಲ್ಲಿ ಬರಹ ತಡೆಯುವ ಗುಂಡಿ ಇರುತ್ತದೆ, ಅದನ್ನು ಬಳಸಬಹುದು.
2. ಡ್ರೈವನ್ನು ಫಾರ್ಮ್ಯಾಟ್ ಮಾಡಬೇಕೆಂಬ ಸೂಚನೆ ಪರದೆಯ ಮೇಲೆ ಬಂದರೆ ಒಪ್ಪಬಾರದು. ದೋಷ ಸರಿಪಡಿಸುವ ‘ಚೆಕ್ ಡಿಸ್ಕ್’ ಕೂಡ ಡ್ರೈವಿನ ಮೇಲೆ ಬರೆಯುವುದರಿಂದ ಅದನ್ನು ಮುಂದೂಡಬೇಕು.
3. ಕಡತದ ಮತ್ತೊಂದು ಪ್ರತಿ ಇಮೇಲ್‌ನಲ್ಲಾಗಲಿ, ಮೊಬೈಲ್‌ನಲ್ಲಾಗಲಿ, ಮುದ್ರಣ ಮಾಡಿಸಿದ ಗಣಕದಲ್ಲಾಗಲಿ ಇದೆಯೇ ಎಂದು ನೋಡಬೇಕು.
4. ಮರುಪಡೆಯುವ ತಂತ್ರಾಂಶವನ್ನು ಗಣಕದಲ್ಲಿಯೇ ಸ್ಥಾಪಿಸಬೇಕು. ಕಡತ ಕಳೆದುಹೋದ ಡ್ರೈವಿನಲ್ಲಿ ಸ್ಥಾಪಿಸಿದರೆ ಹುಡುಕಬೇಕಾದ ದತ್ತಾಂಶದ ಮೇಲೆಯೇ ತಂತ್ರಾಂಶ ಬರೆಯಲ್ಪಡಬಹುದು.
5. ಕಡತಗಳು ಅಮೂಲ್ಯವಾಗಿದ್ದರೆ ಮೊದಲು ಇಡೀ ಡ್ರೈವಿನ ಯಥಾಪ್ರತಿಯನ್ನು ತೆಗೆದು, ಆ ಪ್ರತಿಯ ಮೇಲೆ ಕೆಲಸ ಮಾಡುವುದು ಸುರಕ್ಷಿತ. ಓದಲು ತೊಡಕಾಗುವ ಡ್ರೈವ್‌ಗಳಿಗೆ ‘ಜಿಎನ್‌ಯು ಡಿಡಿರೆಸ್ಕ್ಯೂ’ ಎಂಬ ಮುಕ್ತ ತಂತ್ರಾಂಶವಿದೆ.
6. ದೊರೆತ ಕಡತಗಳನ್ನು ಬೇರೆ ಡ್ರೈವಿನಲ್ಲಿ ಉಳಿಸಿ, ಒಂದೊಂದನ್ನೂ ತೆರೆದು ಪರೀಕ್ಷಿಸಬೇಕು. ಪಟ್ಟಿಯಲ್ಲಿ ಹೆಸರು ಕಾಣಿಸಿದ ಮಾತ್ರಕ್ಕೆ ಕಡತ ಸಂಪೂರ್ಣವಾಗಿದೆ ಎಂದಲ್ಲ.

ತಂತ್ರಾಂಶಗಳು ಮತ್ತು ವಿಧಾನಗಳು

ತಂತ್ರಾಂಶಗಳು ಮುಖ್ಯವಾಗಿ ಎರಡು ವಿಧಾನಗಳನ್ನು ಅನುಸರಿಸುತ್ತವೆ. ಮೊದಲನೆಯದು ಕಡತ ವ್ಯವಸ್ಥೆಯಲ್ಲಿ ಉಳಿದಿರುವ ಹಳೆಯ ನಮೂದುಗಳನ್ನು ಓದುವುದು. ಇದು ಯಶಸ್ವಿಯಾದರೆ ಹೆಸರು, ದಿನಾಂಕ, ಕಡತಕೋಶಗಳ ಸಹಿತ ಕಡತ ಮರಳುತ್ತದೆ. ಪಿರಿಫಾರ್ಮ್ ಸಂಸ್ಥೆಯ ‘ರೆಕುವಾ’ ಈ ವಿಧಾನವನ್ನು ಬಳಸುತ್ತದೆ. 2020ರಲ್ಲಿ ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ‘ವಿಂಡೋಸ್ ಫೈಲ್ ರಿಕವರಿ’ಯನ್ನು ಆದೇಶಗಳನ್ನು ಬೆರಳಚ್ಚಿಸಿ ನಡೆಸಬೇಕು, ಮೂಲ ಡ್ರೈವ್ ಮತ್ತು ಉಳಿಸುವ ಡ್ರೈವ್ ಬೇರೆ ಬೇರೆಯಾಗಿರಬೇಕೆಂಬುದು ಅದರ ನಿಯಮ.

ಎರಡನೆಯದು ಕಡತದ ಗುರುತುಗಳನ್ನು ಹುಡುಕುವುದು. ಪ್ರತಿ ಜೆಪೆಗ್ ಚಿತ್ರವೂ 255, 216, 255 ಎಂಬ ಬೈಟ್‌ಗಳಿಂದ ಆರಂಭವಾಗುತ್ತದೆ. ಈಚಿನ ವರ್ಡ್ ಕಡತಗಳು ಜಿಪ್ ರೂಪದಲ್ಲಿರುವುದರಿಂದ, ಜಿಪ್ ನಿರ್ಮಾತೃ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳಾದ ‘ಪಿ’ ಮತ್ತು ‘ಕೆ’ಗಳಿಂದ ಆರಂಭವಾಗುತ್ತವೆ. ಕ್ರಿಸ್ಟೋಫ್ ಗ್ರೆನಿಯೆ ರಚಿಸಿದ ಮುಕ್ತ ತಂತ್ರಾಂಶ ‘ಫೋಟೋರೆಕ್’ ಇಂತಹ ಗುರುತುಗಳನ್ನು ಡ್ರೈವಿನ ಉದ್ದಕ್ಕೂ ಹುಡುಕುತ್ತದೆ. ಪಟ್ಟಿಯೇ ಹಾಳಾದಾಗಲೂ ಇದು ಉಪಯುಕ್ತ. ಆದರೆ ಮೂಲ ಹೆಸರುಗಳು ಸಾಮಾನ್ಯವಾಗಿ ದೊರೆಯುವುದಿಲ್ಲ. ಡ್ರೈವಿನ ಹಲವೆಡೆ ಚದುರಿದ ತುಣುಕುಗಳಾಗಿ ಉಳಿದಿದ್ದ ಕಡತಗಳು ಅಪೂರ್ಣವಾಗಿ ಬರಬಹುದು. ಆರಂಭದ ಗುರುತೇ ಇಲ್ಲದ ಸರಳ ಪಠ್ಯ ಕಡತಗಳನ್ನು ಪತ್ತೆಹಚ್ಚುವುದು ಇನ್ನೂ ಕಷ್ಟ.

ಕನ್ನಡ ಕಡತಗಳ ವಿಶೇಷತೆ

ಫ್ಯಾಟ್ ವ್ಯವಸ್ಥೆಯಲ್ಲಿ ಕನ್ನಡದ ಕಡತನಾಮಗಳು ವಿಂಡೋಸ್ 95ರೊಂದಿಗೆ ಬಂದ ‘ದೀರ್ಘ ಹೆಸರು’ಗಳ ನಮೂದುಗಳಲ್ಲಿ ಯುನಿಕೋಡ್ ರೂಪದಲ್ಲಿ ಸಂಗ್ರಹವಾಗುತ್ತವೆ. ಈ ನಮೂದುಗಳ ಮೊದಲ ಬೈಟ್ ಹೆಸರಿನ ಅಕ್ಷರವಲ್ಲ, ಕ್ರಮಸಂಖ್ಯೆ. ಆದುದರಿಂದ ಅಳಿಸಿದ ಬಳಿಕವೂ ‘ವಾರ್ಷಿಕ ವರದಿ’ಯಂತಹ ಹೆಸರು ಒಂದಕ್ಷರವೂ ಲೋಪವಾಗದೆ ಮರಳಬಹುದು.

ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಯುನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸಗಳನ್ನು ಬಳಸಿ ರಚಿಸಿದ ಕಡತಗಳ ವಿಷಯ ಬೇರೆ. ಆ ಅಕ್ಷರವಿನ್ಯಾಸವಿಲ್ಲದ ಗಣಕದಲ್ಲಿ ತೆರೆದಾಗ ಪಠ್ಯವು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಇದನ್ನು ಕಡತ ಕೆಟ್ಟಿದೆಯೆಂದು ತಿಳಿದು ಮರುಪಡೆದ ಪ್ರತಿಯನ್ನೇ ತ್ಯಜಿಸುವ ಅಪಾಯವಿದೆ. ಸೂಕ್ತ ಅಕ್ಷರವಿನ್ಯಾಸವನ್ನು ಅಳವಡಿಸಿ ನೋಡಿದ ನಂತರವೇ ತೀರ್ಮಾನಕ್ಕೆ ಬರಬೇಕು.

ಮಿತಿಗಳು

ಒಮ್ಮೆ ಮೇಲ್ಬರಹವಾದ ದತ್ತಾಂಶವನ್ನು ಸಾಮಾನ್ಯ ತಂತ್ರಾಂಶಗಳು ಮರಳಿ ತರಲಾರವು. ತ್ವರಿತ ಫಾರ್ಮ್ಯಾಟ್ ಪಟ್ಟಿಯನ್ನು ಮಾತ್ರ ಹೊಸದಾಗಿಸುತ್ತದೆ. ವಿಂಡೋಸ್ ವಿಸ್ಟಾ ಮತ್ತು ನಂತರದ ಆವೃತ್ತಿಗಳಲ್ಲಿ ಪೂರ್ಣ ಫಾರ್ಮ್ಯಾಟ್ ಇಡೀ ಡ್ರೈವಿನಲ್ಲಿ ಸೊನ್ನೆಗಳನ್ನು ಬರೆಯುತ್ತದೆ. ಒಯ್ಯಬಹುದಾದ ಎಸ್‌ಎಸ್‌ಡಿಗಳಲ್ಲಿ ‘ಟ್ರಿಮ್’ ಸೌಲಭ್ಯ ಸಕ್ರಿಯವಾಗಿದ್ದರೆ ಅಳಿಸಿದ ಸ್ಥಳಗಳನ್ನು ಸಾಧನವೇ ತೆರವುಗೊಳಿಸುವುದರಿಂದ ಮರುಪಡೆಯುವಿಕೆ ಬಹುತೇಕ ಅಸಾಧ್ಯ. ಗೂಢಲಿಪೀಕರಿಸಿದ ಡ್ರೈವ್‌ಗಳಿಗೆ ಕೀಲಿಪದ ಅನಿವಾರ್ಯ. ಗಣಕವು ಗುರುತಿಸದ, ಮುರಿದ ಅಥವಾ ಸದ್ದು ಮಾಡುವ ಸಾಧನಗಳನ್ನು ತಂತ್ರಾಂಶದಿಂದ ಪದೇ ಪದೇ ಪರೀಕ್ಷಿಸದೆ ಪರಿಣತ ಪ್ರಯೋಗಾಲಯಕ್ಕೆ ಒಪ್ಪಿಸುವುದು ಸೂಕ್ತ.

ಖಾಸಗಿತನದ ಪ್ರಶ್ನೆ

ಕಳೆದುಕೊಂಡವರಿಗೆ ವರವಾಗುವ ಈ ಗುಣವೇ ಹಳೆಯ ಡ್ರೈವನ್ನು ಮಾರುವವರಿಗೆ ಅಪಾಯಕಾರಿ. ಅಮೆರಿಕದ ಎಮ್‌ಐಟಿ ಸಂಸ್ಥೆಯಲ್ಲಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ ಬಳಸಿದ 158 ಹಾರ್ಡ್ ಡಿಸ್ಕ್‌ಗಳನ್ನು ಕೊಂಡು ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಲವು ಡಿಸ್ಕ್‌ಗಳಿಂದ ಹಿಂದಿನ ಮಾಲೀಕರ ಖಾಸಗಿ ಮಾಹಿತಿ ದೊರೆತಿತ್ತು. ಸಾಧನವನ್ನು ಇತರರಿಗೆ ಕೊಡುವ ಮುನ್ನ ಕಡತಗಳನ್ನು ಅಳಿಸಿದರೆ ಸಾಲದು. ಪೂರ್ಣ ಮೇಲ್ಬರಹ ಮಾಡಬೇಕು. ಮೊದಲಿನಿಂದಲೇ ಗೂಢಲಿಪೀಕರಿಸಿ ಬಳಸುವುದು ಇನ್ನೂ ಉತ್ತಮ.

ಮುನ್ನೆಚ್ಚರಿಕೆ

ಮರುಪಡೆಯುವಿಕೆ ಕೊನೆಯ ಉಪಾಯವೇ ಹೊರತು ಪ್ರತಿ ಇರಿಸುವುದಕ್ಕೆ ಪರ್ಯಾಯವಲ್ಲ. ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ ‘3-2-1’ ಸೂತ್ರದ ಪ್ರಕಾರ ಮುಖ್ಯ ಕಡತದ ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಮಾಧ್ಯಮಗಳಲ್ಲಿರಬೇಕು, ಅವುಗಳಲ್ಲಿ ಒಂದು ಬೇರೆ ಸ್ಥಳದಲ್ಲಿರಬೇಕು. ಪೆನ್ ಡ್ರೈವ್ ಕಡತವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಲು ಅನುಕೂಲಕರ ಸಾಧನ. ಪ್ರಬಂಧ, ಲೆಕ್ಕಪತ್ರ ಅಥವಾ ಕುಟುಂಬದ ಚಿತ್ರಗಳ ಏಕೈಕ ಪ್ರತಿಯನ್ನು ಅದರಲ್ಲಿ ಇರಿಸುವುದು ಸರಿಯಲ್ಲ.