ನಲ್ಲವಾಡಿನ ಧ್ವನಿವರ್ಧಕ

ಚೆನ್ನೈನಿಂದ ಈಸಿಆರ್ ಹಿಡಿದು ಪಾಂಡಿಚೇರಿಗೆ ಹೋಗುವ ನಾವು ಕಡಲತೀರ, ಆಶ್ರಮ, ಫ್ರೆಂಚರ ಬೀದಿಗಳನ್ನು ನೋಡಿ ವಾಪಸ್ಸಾಗುತ್ತೇವೆ. ನಗರದ ಪಶ್ಚಿಮಕ್ಕಿರುವ ವಿಲ್ಲಿಯನೂರಿನ ಕಡೆ ತಿರುಗುವವರು ಕಡಿಮೆ. 1998ರಲ್ಲಿ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನವು ಕೆನಡಾದ ಐಡಿಆರ್‌ಸಿ ನೆರವಿನಿಂದ ಅಲ್ಲೊಂದು ಕೇಂದ್ರ ತೆರೆದು, ಸುತ್ತಲಿನ ಹಳ್ಳಿಗಳಿಗೆ ಕಂಪ್ಯೂಟರ್ ಒಯ್ಯತೊಡಗಿತು. ನಗರದಲ್ಲಿದ್ದ ನಮ್ಮಂಥವರಲ್ಲೂ ಬಹಳಷ್ಟು ಜನಕ್ಕೆ ಆಗಿನ್ನೂ ಇಮೇಲ್ ಇರಲಿಲ್ಲ!

ಕಂಪ್ಯೂಟರು ಬರಬೇಕಾದರೆ ಊರಿನವರು ಕೆಲವು ಮಾತಿಗೆ ಒಪ್ಪಬೇಕಿತ್ತು. ಕೋಣೆ ಊರೇ ಕೊಡಬೇಕು, ನಡೆಸುವವರು ಊರಿನವರೇ ಆಗಬೇಕು, ಒಳಗೆ ಬರಲು ಯಾರಿಗೂ ಅಡ್ಡಿ ಇರಕೂಡದು. ಕೊನೆಯ ಮಾತು ಎಷ್ಟು ದೊಡ್ಡದೆಂಬುದು ಎಂಬಲಂ ಎಂಬ ಹಳ್ಳಿಯಲ್ಲಿ ಗೊತ್ತಾಗುತ್ತದೆ. ಅಲ್ಲಿ ಕೋಣೆ ಸಿಕ್ಕಿದ್ದು ದೇವಸ್ಥಾನದಲ್ಲೇ. ಗುಡಿಯ ಬಾಗಿಲಿಗೆ ದಲಿತರು ಬರುವಂತಿರಲಿಲ್ಲ, ಮುಟ್ಟಾದ ಹೆಂಗಸರೂ ಬರುವಂತಿರಲಿಲ್ಲ. ಪಕ್ಕದ ಬಾಗಿಲಲ್ಲಿ, ಕಂಪ್ಯೂಟರಿದ್ದ ಕಡೆ, ಎಲ್ಲರೂ ಹೋಗಬಹುದಿತ್ತು. ಒಂದೇ ಕಟ್ಟಡ, ಎರಡು ಕಾನೂನು. ಕೇಂದ್ರ ನಡೆಸಿದ್ದೂ ಊರಿನ ಹೆಂಗಸರೇ. ಅದುವರೆಗೆ ಕೀಬೋರ್ಡ್ ಮುಟ್ಟಿರದವರು ತಮಿಳಿನಲ್ಲಿ ಟೈಪ್ ಮಾಡಲು ಕಲಿತು, ಬಂದವರಿಗೆ ಧಾನ್ಯದ ಬೆಲೆ, ಸರ್ಕಾರಿ ಯೋಜನೆ, ಆಸ್ಪತ್ರೆಯ ವಿವರ ತೆಗೆದು ಹೇಳತೊಡಗಿದರು. ಕರೆಂಟು ಕೈಕೊಡುತ್ತಿದ್ದುದರಿಂದ ಸೌರಫಲಕ. ಟೆಲಿಫೋನ್ ತಂತಿಯನ್ನು ನಂಬಲಾಗದ್ದರಿಂದ ವೈರ್‌ಲೆಸ್.

ವೀರಂಪಟ್ಟಿನಂ ಮೀನುಗಾರರ ಊರು. ಅವರಿಗೆ ಬೇಕಿದ್ದದ್ದು ಬೇರೆ: ನಾಳೆ ಕಡಲಿಗೆ ಇಳಿಯಬಹುದೇ? ಅಮೆರಿಕದ ನೌಕಾಪಡೆಯ ಜಾಲತಾಣದಲ್ಲಿ ಅಲೆಗಳ ಎತ್ತರದ ಮುನ್ಸೂಚನೆ ಸಿಗುತ್ತಿತ್ತು. ವಿಲ್ಲಿಯನೂರಿನಲ್ಲಿ ಅದನ್ನು ಇಳಿಸಿಕೊಂಡು, ತಮಿಳು ಮಾಡಿ ಕಳಿಸುತ್ತಿದ್ದರು. ಊರಲ್ಲಿ ಧ್ವನಿವರ್ಧಕ ಅದನ್ನು ದಡಕ್ಕೆಲ್ಲ ಸಾರುತ್ತಿತ್ತು. ಪರದೆ ನೋಡಲು ಬಾರದವನಿಗೂ ಕಿವಿ ಇದ್ದರೆ ಸಾಕು. ಇಡೀ ಯೋಜನೆಯಲ್ಲಿ ನನಗೆ ಅತ್ಯಂತ ಜಾಣತನದ್ದೆನಿಸುವುದು ಇದೇ.

ಇಂಥದೇ ಕೇಂದ್ರ, ಇಂಥದೇ ಧ್ವನಿವರ್ಧಕ ನಲ್ಲವಾಡಿನಲ್ಲೂ ಇತ್ತು. 2004ರ ಡಿಸೆಂಬರ್ 26ರ ಬೆಳಿಗ್ಗೆ, ಸಿಂಗಾಪುರದಲ್ಲಿ ದುಡಿಯುತ್ತಿದ್ದ ಆ ಊರಿನವನೊಬ್ಬ ಭೂಕಂಪದ ಸುದ್ದಿ ನೋಡಿ ಮನೆಗೆ ಫೋನ್ ಮಾಡಿದ. ಕೇಂದ್ರಕ್ಕೆ ಬೀಗ ಬಿದ್ದಿತ್ತು. ಊರಿನವರು ಬಾಗಿಲು ಒಡೆದು ಒಳನುಗ್ಗಿ, ಎಲ್ಲರೂ ಓಡಿ ಎಂದು ಧ್ವನಿವರ್ಧಕದಲ್ಲಿ ಕೂಗಿದರು. ಮನೆಗಳು, ದೋಣಿಗಳು ಹೋದವು. ಸುಮಾರು 3,600 ಜನ ಉಳಿದರು.

ಆಮೇಲೆ ಇದನ್ನು ಇಂಟರ್ನೆಟ್ಟಿನ ಗೆಲುವೆಂದು ಹೊಗಳಿದವರಿದ್ದಾರೆ. ನಾನು ಒಪ್ಪುವುದಿಲ್ಲ. ಅಲೆಯ ಮುನ್ಸೂಚನೆಗೆ ಸುನಾಮಿ ಗೊತ್ತಿರಲಿಲ್ಲ. ಅಂದು ಕೆಲಸಕ್ಕೆ ಬಂದದ್ದು ಒಂದು ಫೋನು, ಒಂದು ಮೈಕು. ಆದರೆ ಆ ಮೈಕು ಎಲ್ಲಿದೆ, ಅದರ ಮಾತನ್ನು ನಂಬಬೇಕು ಎಂಬುದು ಊರಿಗೆ ಗೊತ್ತಿತ್ತು. ದಿನವೂ ಕೇಳಿ ಬಂದ ಅಭ್ಯಾಸ ಅದು.

2006ರ ನಂತರ ಸರ್ಕಾರದ ಸಾಮಾನ್ಯ ಸೇವಾ ಕೇಂದ್ರಗಳು ದೇಶವೆಲ್ಲ ಹರಡಿದವು. ಊರಿಗೆ ಹೋದಾಗ ನೋಡಿ: ಕೌಂಟರಿನ ಆಚೆ ಒಬ್ಬರು ಫಾರಂ ತುಂಬುತ್ತಿರುತ್ತಾರೆ, ಈಚೆ ನಮ್ಮ ಜನ ಆಧಾರ್ ಕಾರ್ಡ್ ಹಿಡಿದು ನಿಂತಿರುತ್ತಾರೆ. ಕೆಲಸ ಬೇಗ ಆಗುತ್ತದೆ, ನಿಜ. ಎಂಬಲಂನಲ್ಲಿ ಕೀಬೋರ್ಡ್ ಮುಂದೆ ಕೂತಿದ್ದವರು ಆ ಊರಿನ ಹೆಂಗಸರಾಗಿದ್ದರು.