ಕಪ್ಪು ಪರದೆಯ ಹಿಂದೆ

ಆನ್ ರಾಡ್‌ಕ್ಲಿಫ್ 1794ರಲ್ಲಿ ಪ್ರಕಟಿಸಿದ ‘ದಿ ಮಿಸ್ಟರೀಸ್ ಆಫ್ ಉಡಾಲ್ಫೊ’ ಎಂಬ ಗಾಥಿಕ್ ಕಾದಂಬರಿಯನ್ನು ನಾನು ಮೊದಲು ಓದಿದ್ದು ಅರ್ಧ ಮಾತ್ರ. ಕಾಲೇಜಿನ ಲೈಬ್ರರಿಯಲ್ಲಿದ್ದದ್ದು ಎರಡು ಸಂಪುಟಗಳ ಮುದ್ರಣ. ಎರಡನೆಯದನ್ನು ಒಯ್ದ ಪುಣ್ಯಾತ್ಮರು ಹಿಂದಿರುಗಿಸಿರಲಿಲ್ಲ. ಅನಾಥೆ ಎಮಿಲಿ ಇಟಲಿಯ ಬೆಟ್ಟಗಳ ನಡುವಿನ ಕೋಟೆಯಲ್ಲಿ ಸಿಕ್ಕಿಬಿದ್ದಿದ್ದಾಳೆ. (ಇಟಲಿಯನ್ನು ಲೇಖಕಿ ಕಂಡವಳೇ ಅಲ್ಲ!) ಒಂದು ಕೋಣೆಯಲ್ಲಿ ಕಪ್ಪು ಪರದೆ ತೂಗಿದೆ. ಅದನ್ನೆತ್ತಿ ನೋಡಿದವಳೇ ಮೂರ್ಛೆ ಹೋಗುತ್ತಾಳೆ. ಕಂಡದ್ದೇನೆಂದು ಲೇಖಕಿ ಹೇಳುವುದಿಲ್ಲ. ನನ್ನ ಸಂಪುಟವೂ ಮುಗಿದುಹೋಯಿತು. ಎಷ್ಟೋ ವರ್ಷ ಆ ಪರದೆಯ ಹಿಂದೆ ನಾನೇ ಒಂದೊಂದನ್ನು ಇಟ್ಟುಕೊಂಡು ಹೆದರಿದೆ.

ಈ ಬಗೆಯ ಬರವಣಿಗೆಗೆ ನಾಂದಿ ಹಾಡಿದವನು ಹೊರೇಸ್ ವಾಲ್‌ಪೋಲ್. ಹಳೆಯ ಕೋಟೆಯ ಮೆಟ್ಟಿಲ ಕಟಕಟೆಯ ಮೇಲೆ ಕವಚ ತೊಟ್ಟ ದೈತ್ಯ ಕೈಯೊಂದನ್ನು ಕನಸಿನಲ್ಲಿ ಕಂಡು ಆತ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಬರೆದ. 1764ರ ಕೊನೆಗೆ ಅದು ಹೊರಬಂದಾಗ ಹಳೆಯ ಇಟಾಲಿಯನ್ ಗ್ರಂಥದ ಅನುವಾದವೆಂದು ನಂಬಿಸಿ, ಮರುವರ್ಷ ನಿಜ ಒಪ್ಪಿಕೊಂಡ. ಮೊದಲ ಪುಟಗಳಲ್ಲೇ ಮದುವೆಯ ಗಂಡು ಆಕಾಶದಿಂದ ಬಿದ್ದ ಭಾರಿ ಶಿರಸ್ತ್ರಾಣದಡಿ ಅಪ್ಪಚ್ಚಿಯಾಗುತ್ತಾನೆ. ನನಗಂತೂ ನಗು ಬಂತು. ಅಲ್ಲಿ ಎಲ್ಲವೂ ಹಾಡಹಗಲಿನಷ್ಟು ಸ್ಪಷ್ಟ.

ಸ್ಪಷ್ಟವಾದದ್ದು ಹೆಚ್ಚು ಹೆದರಿಸದು ಎಂದು ಎಡ್ಮಂಡ್ ಬರ್ಕ್ 1757ರಲ್ಲೇ ಬರೆದಿದ್ದ. ಅವನ ಪ್ರಕಾರ ಭವ್ಯದ ಬೇರು ಭಯ. ಅಪಾಯ ಮೈಮೇಲೇ ಬಂದರೆ ಬರಿಯ ನೋವು; ತುಸು ದೂರವಿದ್ದರೆ ಅದರಲ್ಲೊಂದು ಸುಖವಿದೆ. ಆದರೆ ಅಪಾಯದ ಅಳತೆ ತಿಳಿದು ಕಣ್ಣಿಗೆ ರೂಢಿಯಾಯಿತೋ, ಭಯದ ಬಹುಪಾಲು ಇಳಿದುಹೋಗುತ್ತದೆ.

ಈ ಎಳೆಯನ್ನು ಹಿಡಿದು ರಾಡ್‌ಕ್ಲಿಫ್ ‘ಟೆರರ್’, ‘ಹಾರರ್’ ಎರಡನ್ನೂ ಬೇರ್ಪಡಿಸಿದಳು. ಮೊದಲನೆಯದು ಚೇತನವನ್ನು ಹಿಗ್ಗಿಸಿ ಎಚ್ಚರಿಸುತ್ತದೆ, ಎರಡನೆಯದು ಕುಗ್ಗಿಸಿ ಮರಗಟ್ಟಿಸುತ್ತದೆ. ಈ ಮಾತು ಅಚ್ಚಾದದ್ದು 1826ರಲ್ಲಿ, ಆಕೆ ತೀರಿಕೊಂಡು ಮೂರು ವರ್ಷವಾದ ಮೇಲೆ. ನಮ್ಮ ಭಯಾನಕ, ಬೀಭತ್ಸಗಳು ನೆನಪಾಗುತ್ತವೆ; ಎರಡೂ ಒಂದೇ ಎನ್ನಲಾರೆ. 1796ರ ‘ದಿ ಮಂಕ್’ನಲ್ಲಿ ಮ್ಯಾಥ್ಯೂ ಲೂಯಿಸ್ ನೆಲಮಾಳಿಗೆಯನ್ನೂ ಕೊಳೆಯುವ ಶವವನ್ನೂ ಮುಚ್ಚುಮರೆಯಿಲ್ಲದೆ ತೋರಿಸಿದ. ಅದು ಹಾರರ್.

ಎರಡನೆಯ ಸಂಪುಟ ನನ್ನ ಕೈಗೆ ಬಂದದ್ದು ತಲೆ ನರೆತ ಮೇಲೆ. ಕೊನೆಗೂ ಲೇಖಕಿ ಪರದೆ ಸರಿಸುತ್ತಾಳೆ: ಅಲ್ಲಿದ್ದದ್ದು ಹುಳುಹಿಡಿದ ಹೆಣದಂತೆ ಮಾಡಿದ ಮೇಣದ ಬೊಂಬೆ, ಆ ಮನೆತನದವನೊಬ್ಬನಿಗೆ ಚರ್ಚು ಹಿಂದೆ ವಿಧಿಸಿದ್ದ ಪ್ರಾಯಶ್ಚಿತ್ತ. ಎಮಿಲಿ ಇನ್ನೊಮ್ಮೆ ನೋಡಿದ್ದರೆ ಭ್ರಮೆ ಹರಿಯುತ್ತಿತ್ತಂತೆ. ನನಗೆ ಸಿಟ್ಟೇ ಬಂತು. ಇಷ್ಟಕ್ಕಾಗಿಯೇ ಅಷ್ಟು ವರ್ಷ?

ಆ ರಾತ್ರಿ ಹಟದಿಂದ ಮೊದಲ ಸಂಪುಟವನ್ನು ಮತ್ತೆ ತೆರೆದೆ. ಎಮಿಲಿ ದೀಪ ಹಿಡಿದು ಕೋಣೆಯೊಳಕ್ಕೆ ಬಂದಳು. ಒಳಗಿರುವುದು ಮೇಣವೆಂದು ಗೊತ್ತಿದ್ದೂ, ಪುಟ ತಿರುವಬೇಕಾದ ಬೆರಳು ಒಂದು ಕ್ಷಣ ತಡೆಯಿತು.