ಮೀಸೆಯ ತಾಯಿಯೂ ಗುಜರಾತಿನ ಪಾಲಕರೂ

ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ನೆಲಸಿರುವ ಕನ್ನಡಿಗರಾದ ನಮಗೆ ಈ ನಾಡು ಅನ್ನವನ್ನಿತ್ತಿದೆ. ಆದರೆ ಮಕ್ಕಳನ್ನು ಸಾಕುವಾಗ ಪಕ್ಕದಲ್ಲಿ ಕುಳಿತು ತಿದ್ದುವ ಅಜ್ಜಿ ಧಾರವಾಡದಲ್ಲೋ ಮಂಗಳೂರಿನಲ್ಲೋ ಉಳಿದಳು. ಮಕ್ಕಳನ್ನು ಬೆಳೆಸುವ ಬಗೆಯನ್ನು ತಂದೆತಾಯಿಗಳೂ ಕಲಿಯಬೇಕೆಂದು ಈ ನಾಡಿನಲ್ಲಿಯೇ ನೂರು ವರ್ಷಗಳ ಹಿಂದೆ ಸಾರಿದವರೊಬ್ಬರಿದ್ದರು. ಅವರ ಚರಿತ್ರೆಯನ್ನು ನಾವು ತಿಳಿದಿರುವುದು ಉಚಿತ.

ಬರೋಡೆಯ ಮಹಾರಾಜ ಸಯಾಜಿರಾಯರು 1893ರಲ್ಲಿ ಅಮ್ರೇಲಿ ತಾಲ್ಲೂಕಿನಲ್ಲಿಯೂ 1906ರಲ್ಲಿ ಸಂಸ್ಥಾನದಾದ್ಯಂತವೂ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ಜಾರಿಗೆ ತಂದರು. ಮಕ್ಕಳನ್ನು ಕಳುಹಿಸದ ಪಾಲಕರಿಗೆ ದಂಡವಿತ್ತು. ದಂಡವು ಮಗುವನ್ನು ಶಾಲೆಗೆ ತಂದೀತು. ಮನೆಯಲ್ಲಿ ಬೀಳುವ ಏಟನ್ನು ತಡೆದೀತೆ?

ಆ ಏಟಿನ ಪ್ರಶ್ನೆಯನ್ನೆತ್ತಿಕೊಂಡವರು ಭಾವನಗರದ ಗಿಜುಭಾಯಿ ಬಧೇಕಾ (1885–1939). ವೃತ್ತಿಯಿಂದ ವಕೀಲರು. 1913ರಲ್ಲಿ ಮಗ ಹುಟ್ಟಿದ ಮೇಲೆ ಅವನನ್ನು ಬೆಳೆಸುವುದು ಹೇಗೆಂಬ ಚಿಂತೆಯೇ ಅವರನ್ನು ಮಾಂಟೆಸ್ಸೊರಿಯವರ ಗ್ರಂಥಗಳತ್ತ ಒಯ್ದಿತು. 1916ರಲ್ಲಿ ನಾನಾಭಾಯಿ ಭಟ್ಟರ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿ, 1920ರಲ್ಲಿ ಅಲ್ಲಿ ಬಾಲಮಂದಿರವನ್ನು ತೆರೆದರು. ಜನ ಅವರನ್ನು ‘ಮೂಛಾಳಿ ಮಾ’, ಅಂದರೆ ಮೀಸೆಯ ತಾಯಿ, ಎಂದು ಕರೆದರು. ಬಾಲಮಂದಿರದಲ್ಲಿ ನಲಿದ ಮಗು ಮನೆಗೆ ಹೋಗಿ ಬೆದರುವುದಾದರೆ ಏನು ಫಲ? ಆದ್ದರಿಂದ ಅವರು ಪಾಲಕರಿಗಾಗಿಯೇ ಪುಸ್ತಕಗಳನ್ನು ಬರೆದರು. ಒಂದರ ಹೆಸರೇ ‘ತಂದೆತಾಯಿಯಾಗುವುದು ಕಠಿಣ’ ಎಂಬರ್ಥದ್ದು. ಹೊಡೆಯಬೇಡಿ, ಹೆದರಿಸಬೇಡಿ, ತನ್ನ ಕೆಲಸವನ್ನು ಮಗುವೇ ಮಾಡಿಕೊಳ್ಳಲಿ ಎಂಬುದು ಅವರ ಬೋಧೆ. ಗುಮ್ಮನನ್ನು ಕರೆದೇ ಅನ್ನವುಣಿಸುವ ನಮ್ಮವರಿಗೆ ಇದು ಈಗಲೂ ಹೊಸದೆನಿಸಬಹುದು!

ಅಹಮದಾಬಾದಿನ ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿ ಮತ್ತು ಸರಳಾದೇವಿ ದಂಪತಿಗಳು ತಮ್ಮ ಎಂಟು ಮಕ್ಕಳಿಗಾಗಿ ಬಂಗಲೆಯಲ್ಲಿಯೇ ಮಾಂಟೆಸ್ಸೊರಿ ತತ್ತ್ವದ ಶಾಲೆಯನ್ನು ನಡೆಸಿದರು. ವಿಜ್ಞಾನಿ ವಿಕ್ರಮ ಸಾರಾಭಾಯಿಯವರು ಓದಿದ್ದು ಅಲ್ಲಿಯೇ. ಸಿರಿವಂತರಿಗೆ ಅದು ಸಾಧ್ಯ. ಗಿಜುಭಾಯಿಯವರ ಪುಸ್ತಕ ಗುಮಾಸ್ತರ ಮನೆಗೂ ಹೋಗಬಲ್ಲದಾಗಿತ್ತು.

ವಡೋದರೆಯ ವಿಶ್ವವಿದ್ಯಾನಿಲಯದಲ್ಲಿ, ಹಂಸಾ ಮೆಹತಾ ಅವರು ಕುಲಪತಿಗಳಾಗಿದ್ದಾಗ, 1950ರಲ್ಲಿ ಗೃಹವಿಜ್ಞಾನ ವಿಭಾಗ ತೆರೆಯಿತು. ಶಿಶುವಿನ ಬೆಳವಣಿಗೆ ಅಲ್ಲಿ ಅಧ್ಯಯನದ ವಿಷಯವಾಯಿತು. ಇನ್ನು ಗಿಜುಭಾಯಿಯವರ ಸಹಕಾರಿಯಾಗಿದ್ದ ತಾರಾಬಾಯಿ ಮೋಡಕರು 1945ರಲ್ಲಿ ಥಾಣಾ ಜಿಲ್ಲೆಯ ಬೋರ್ಡಿಯಲ್ಲಿ ಬಡವರ ಅಂಗಳಕ್ಕೇ ಶಾಲೆಯನ್ನೊಯ್ದರು. ಅಂಗನವಾಡಿಯ ಮೂಲ ಅದೇ. ನಮ್ಮ ಅಂಗಳಕ್ಕೂ ಅವರ ಅಂಗಣಕ್ಕೂ ದೂರವೇನಿಲ್ಲ.

1975ರ ಅಕ್ಟೋಬರ್ 2ರಂದು ಸರ್ಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿತು. ಮೊದಲ 33 ಕ್ಷೇತ್ರಗಳಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಒಂದು. ಅಂಗನವಾಡಿಯಲ್ಲಿ ಆಹಾರ ಮತ್ತು ಆರೋಗ್ಯದ ತಿಳಿವಳಿಕೆ ಕೊಡುವುದೂ ಯೋಜನೆಯ ಭಾಗ. ಆದರೆ ಆ ಪಾಠವನ್ನು ಗೊತ್ತುಮಾಡಿದ್ದು 15ರಿಂದ 45 ವಯಸ್ಸಿನ ಹೆಂಗಸರಿಗೆ. ಗಿಜುಭಾಯಿಯವರು ತಂದೆಯಾಗಿ ಕಲಿಯತೊಡಗಿದವರು. ತಂದೆಯ ಹೆಸರು ಆ ಪಟ್ಟಿಯಲ್ಲಿರಲಿಲ್ಲ.